ಹೆಲ್ಪ್ ಹೇಳುವ ಮೆನು ಸ್ಕ್ರೀನ್ ಮೇಲೆ ಇಲ್ಲ: ನನ್ನಂಥವರು ಅದನ್ನು ತಿದ್ದಬಹುದಾ?

ಪ್ರಶ್ನೆ: ನಾನು ನಮ್ಮೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಲೈಸೆನ್ಸ್‌ಗೆ ದುಡ್ಡು ಕಟ್ಟುವ ಶಕ್ತಿ ಇಲ್ಲ, ಹಾಗಾಗಿ ಪತ್ರ, ಲೆಕ್ಕ, ಸ್ಲೈಡ್ ಎಲ್ಲಕ್ಕೂ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಹಾಕಿಕೊಂಡಿದ್ದೇವೆ. ಅದರ ಹೆಲ್ಪ್ ನೋಡಿಕೊಂಡೇ ಪಾಠ ತಯಾರು ಮಾಡುತ್ತೇನೆ. ಆದರೆ ಎರಡು ಸಲ ಮಕ್ಕಳ ಮುಂದೆ ಪೇಚಿಗೆ ಸಿಕ್ಕಿದೆ. ಅದರ ಲೆಕ್ಕದ ಹಾಳೆಯ ಪ್ರೋಗ್ರಾಮ್ ಕ್ಯಾಲ್ಕ್‌ನಲ್ಲಿ ಹೊಸ ಹಾಳೆ ಸೇರಿಸಲು 'ಇನ್ಸರ್ಟ್ ಮೆನುವಿನಲ್ಲಿ ಶೀಟ್' ಎಂದಿತ್ತು, ಅಲ್ಲಿ ಅದು ಇರಲಿಲ್ಲ. ಕನ್ನಡ ಫಾಂಟ್ ಹೊಂದಿಸಲು 'ಆಪ್ಷನ್ಸ್‌ನಲ್ಲಿ ಲ್ಯಾಂಗ್ವೇಜ್ ಸೆಟ್ಟಿಂಗ್ಸ್' ಎಂದಿತ್ತು, ಆ ಹೆಸರೇ ಕಾಣಲಿಲ್ಲ. ತಪ್ಪು ನನ್ನದೋ ಹೆಲ್ಪಿನದೋ? ಹೆಲ್ಪಿನದೇ ಆದರೆ ನನ್ನಂಥವರು ಅದನ್ನು ಸರಿಪಡಿಸಬಹುದೇ? ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ.

ಉತ್ತರ: ಮೇಡಂ, ತಪ್ಪು ನಿಮ್ಮದಲ್ಲ. ಆದರೆ ನೀವು ಬರೆದ ಎರಡರಲ್ಲಿ ಒಂದು ಬಹುಶಃ ಹೆಲ್ಪಿನ ತಪ್ಪೂ ಅಲ್ಲ. ಮೊದಲು ಅದನ್ನು ಬಿಡಿಸಿಕೊಳ್ಳೋಣ. ಹೆಲ್ಪ್ ತಿದ್ದುವ ಕೆಲಸದಲ್ಲಿ ಅರ್ಧ ಹೊತ್ತು ಹೋಗುವುದೇ 'ಇದು ನಿಜವಾಗಿ ತಪ್ಪಾ?' ಅಂತ ನೋಡುವುದರಲ್ಲಿ.

ಹಾಳೆಯ ವಿಷಯ ಹೀಗಿದೆ. ಲಿಬ್ರೆಆಫೀಸ್ 5.1 ಬಂದದ್ದು 2016ರ ಫೆಬ್ರವರಿಯಲ್ಲಿ. ಆಗ ಮೆನುಗಳನ್ನು ಚೆನ್ನಾಗಿಯೇ ಅದಲುಬದಲು ಮಾಡಿದರು. ಪತ್ರ ಬರೆಯುವ ರೈಟರ್‌ಗೆ ಸ್ಟೈಲ್ಸ್, ಸ್ಲೈಡ್ ಮಾಡುವ ಇಂಪ್ರೆಸ್‌ಗೆ ಸ್ಲೈಡ್, ಕ್ಯಾಲ್ಕ್‌ಗೆ ಶೀಟ್ ಅಂತ ಒಂದೊಂದು ಹೊಸ ಮೆನು ಬಂತು. ಅಲ್ಲಿಯವರೆಗೆ ಇನ್ಸರ್ಟ್ ಮೆನುವಿನಲ್ಲಿದ್ದ 'ಶೀಟ್' ಆ ಹೊಸ ಮೆನುವಿಗೆ ಹೋಗಿ 'ಇನ್ಸರ್ಟ್ ಶೀಟ್' ಆಯಿತು. ಸೆಲ್‌ಗಳ ಗುಂಪಿಗೆ ಹೆಸರಿಡುವ ಜಾಗವೂ ಅದರ ಜೊತೆಗೇ ಅಲ್ಲಿಗೆ ಹೋಯಿತು. ಈಗಿನ ಹೆಲ್ಪ್‌ನಲ್ಲಿ ಈ ದಾರಿ ಸರಿಯಾಗಿಯೇ ಇದೆ. ಹಾಗಾದರೆ ನಿಮಗೆ ಸಿಕ್ಕಿದ್ದು ಯಾವ ಪುಟ? ಎರಡು ಸಾಧ್ಯತೆ ಇದೆ. ಗೂಗಲ್‌ನಲ್ಲಿ ಹುಡುಕಿದ್ದರೆ ಹಳೆ ವರ್ಷನ್‌ಗೆ ಬರೆದ ಪುಟ ಮೊದಲು ಬಂದಿರಬಹುದು. ಇಲ್ಲವೇ ಅದು ಅಪಾಚೆ ಓಪನ್‌ಆಫೀಸ್‌ನ ಪುಟ ಇರಬಹುದು. ಅದೂ ಇದೂ ಒಂದೇ ಬೇರಿನಿಂದ ಬಂದ ದಾಯಾದಿಗಳು. ನೋಡಲು ಹೆಚ್ಚುಕಮ್ಮಿ ಒಂದೇ ಥರ. ಆದರೆ ಓಪನ್‌ಆಫೀಸ್‌ನಲ್ಲಿ ಶೀಟ್ ಈಗಲೂ ಇನ್ಸರ್ಟ್ ಮೆನುವಿನಲ್ಲೇ ಇದೆ. ಅಂದರೆ ಆ ಪುಟ ಅದರ ಮಟ್ಟಿಗೆ ಸರಿ, ನಿಮ್ಮ ಕಂಪ್ಯೂಟರಿಗೆ ಮಾತ್ರ ತಪ್ಪು.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಹೆಲ್ಪ್ ಮೆನುವಿನ ಕೊನೆಯಲ್ಲಿ 'ಅಬೌಟ್ ಲಿಬ್ರೆಆಫೀಸ್' ಇದೆ, ಅಲ್ಲಿ ನಿಮ್ಮ ವರ್ಷನ್ ನಂಬರ್ ಸಿಗುತ್ತದೆ. ಹೆಲ್ಪ್ ಪುಟ ಬ್ರೌಸರ್‌ನಲ್ಲಿ ತೆರೆದಿದ್ದರೆ ಮೇಲಿನ ವಿಳಾಸದ ಸಾಲಿನಲ್ಲೂ ವರ್ಷನ್ ನಂಬರ್ ಇರುತ್ತದೆ. ಎರಡೂ ತಾಳೆಯಾಗದಿದ್ದರೆ ಆ ಪುಟದ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಸರ್ಚ್ ಮಾಡುವ ಬದಲು ಪ್ರೋಗ್ರಾಮಿನ ಒಳಗಿನಿಂದಲೇ ಎಫ್1 ಒತ್ತಿ ಹೆಲ್ಪ್ ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಆಗ ನಿಮ್ಮ ವರ್ಷನ್‌ನ ಪುಟವೇ ತೆರೆಯುತ್ತದೆ. ನಂಬರ್ ನೋಡಿ ಗಾಬರಿ ಬೀಳಬೇಡಿ. 7.6 ಆದ ಮೇಲೆ ಒಮ್ಮೆಲೇ 24.2 ಬಂತು. ನಡುವೆ ಏನೂ ತಪ್ಪಿಹೋಗಿಲ್ಲ. 2024ರ ಎರಡನೇ ತಿಂಗಳು ಅಂತ ಅದರ ಅರ್ಥ. ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ, ಹೊಸದು ಬರುತ್ತದೆ.

ಹೆಲ್ಪ್ ತಪ್ಪಿಲ್ಲದಿದ್ದರೂ ತಪ್ಪಿದ ಹಾಗೆ ಕಾಣುವ ಸಂದರ್ಭ ಇನ್ನೂ ಕೆಲವು ಇವೆ. ವ್ಯೂ ಮೆನುವಿನಲ್ಲಿ 'ಯೂಸರ್ ಇಂಟರ್‌ಫೇಸ್' ಅಂತ ಇದೆ. ಅಲ್ಲಿ ಟ್ಯಾಬ್ ಇರುವ ರೂಪ ಆರಿಸಿಕೊಂಡವರಿಗೆ ಮೆನು ಸಾಲೇ ಕಾಣದೆ ಹೋಗಬಹುದು. ಮ್ಯಾಕ್‌ನಲ್ಲಿ ಆಪ್ಷನ್ಸ್ ಎಂಬುದು ಟೂಲ್ಸ್ ಮೆನುವಿನಲ್ಲಿ ಇರುವುದಿಲ್ಲ, ಲಿಬ್ರೆಆಫೀಸ್ ಎಂಬ ಹೆಸರಿನ ಮೆನುವಿನಲ್ಲಿ ಇರುತ್ತದೆ. ಹೆಲ್ಪ್ ಬರೆಯುವವರು ಇಂಥ ಕಡೆ ಎರಡೂ ದಾರಿಯನ್ನು ಪುಟದೊಳಗೆ ಬರೆದಿಟ್ಟಿರುತ್ತಾರೆ. ಓದುವವರದು ಯಾವ ಕಂಪ್ಯೂಟರ್ ಅಂತ ನೋಡಿಕೊಂಡು ಪುಟ ಒಂದನ್ನು ಮಾತ್ರ ತೋರಿಸುತ್ತದೆ. ಪಕ್ಕದವರ ಮ್ಯಾಕ್‌ನಲ್ಲಿ ಓದಿ ಬಂದು ನಿಮ್ಮ ವಿಂಡೋಸ್‌ನಲ್ಲಿ ಹುಡುಕಿದರೆ ಸಿಗದು, ಅಲ್ವಾ? ಇನ್ನು ಯಾರೋ ಟೂಲ್‌ಬಾರ್ ಎಳೆದಾಡಿ ಗುಂಡಿಗಳನ್ನು ತೆಗೆದುಹಾಕಿರುವುದೂ ಉಂಟು. ಮಕ್ಕಳ ಲ್ಯಾಬಿನಲ್ಲಿ ಇದು ಜಾಸ್ತಿ. ಹೆಲ್ಪ್ ಮೆನುವಿನಲ್ಲೇ 'ರೀಸ್ಟಾರ್ಟ್ ಇನ್ ಸೇಫ್ ಮೋಡ್' ಇದೆ. ಅದರಲ್ಲಿ ತೆರೆದರೆ ಯಾರೂ ಮುಟ್ಟದ ಹೊಸ ರೂಪ ಸಿಗುತ್ತದೆ. ಅಲ್ಲೂ ಹೆಲ್ಪ್ ಹೇಳಿದ್ದು ಕಾಣದಿದ್ದರೆ ಆಗ ಅದು ಹೆಲ್ಪಿನ ತಪ್ಪು ಅಂತ ಧೈರ್ಯವಾಗಿ ಹೇಳಬಹುದು.

ಈಗ ನಿಮ್ಮ ಎರಡನೇ ವಿಷಯಕ್ಕೆ ಬರೋಣ. ಇದು ನಿಜವಾದ ತಪ್ಪು ಇರುವ ಸಾಧ್ಯತೆ ಜಾಸ್ತಿ, ಮತ್ತು ಕನ್ನಡದವರಿಗೆ ಇದು ಮುಖ್ಯ. ಕನ್ನಡದಂಥ ಒತ್ತಕ್ಷರ, ಗುಣಿತ ಇರುವ ಲಿಪಿಗಳನ್ನು ಲಿಬ್ರೆಆಫೀಸ್ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬ ಗುಂಪಿಗೆ ಸೇರಿಸುತ್ತದೆ. ಈ ಗುಂಪಿನ ಫಾಂಟ್, ಅಕ್ಷರದ ಅಳತೆ ಎಲ್ಲವನ್ನೂ ಇಂಗ್ಲಿಷಿನಿಂದ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಅದಕ್ಕೇ ಸ್ಟೈಲ್‌ನಲ್ಲಿ ಇಂಗ್ಲಿಷ್ ಅಳತೆ 14 ಮಾಡಿದರೂ ಕನ್ನಡ 12ರಲ್ಲೇ ಕೂತಿರುತ್ತದೆ. ಮಕ್ಕಳು 'ಮಿಸ್, ಇದು ಹಾಳಾಗಿದೆ' ಅನ್ನುತ್ತಾರೆ. ಹಾಳಾಗಿರುವುದಿಲ್ಲ, ಬೇರೆ ಪೆಟ್ಟಿಗೆಯಲ್ಲಿ ಬದಲಿಸಬೇಕು ಅಷ್ಟೇ. ಆ ಗುಂಪಿಗೆ ಕನ್ನಡವನ್ನು ಮೊದಲೇ ಆರಿಸಿಡುವ ಜಾಗ ಬಹಳ ವರ್ಷ 'ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್, ಲ್ಯಾಂಗ್ವೇಜಸ್' ಅಂತ ಇತ್ತು. ಇತ್ತೀಚಿನ ವರ್ಷನ್‌ಗಳಲ್ಲಿ ಅದೇ ಜಾಗದ ಹೆಸರು 'ಲ್ಯಾಂಗ್ವೇಜಸ್ ಆಂಡ್ ಲೊಕೇಲ್ಸ್', ಅದರೊಳಗೆ 'ಜನರಲ್'. ಜಾಗ ಬದಲಾಗಿಲ್ಲ, ಬೋರ್ಡ್ ಬದಲಾಗಿದೆ. ಒಳಗೆ ಹೋದರೆ ನಿಮಗೆ ಬೇಕಾದ ಸಾಲು ಅಲ್ಲೇ ಸಿಗುತ್ತದೆ.

ಇಂಥ ಹೆಸರು ಬದಲಾದಾಗ ಆ ಜಾಗದ ಬಗ್ಗೆಯೇ ಇರುವ ಪುಟವನ್ನು ಯಾರಾದರೂ ಬೇಗ ತಿದ್ದುತ್ತಾರೆ. ಆದರೆ ಈ ದಾರಿ ಹತ್ತಾರು ಕಡೆ ನುಸುಳಿರುತ್ತದೆ. ಸ್ಪೆಲ್ಲಿಂಗ್ ಚೆಕ್ ಬಗ್ಗೆ ಹೇಳುವ ಪುಟದಲ್ಲಿ ಒಂದು ಸಾಲು, ದಿನಾಂಕ ಬರೆಯುವ ಬಗೆಯಲ್ಲಿ ಒಂದು ಸಾಲು, ಹೀಗೆ. ಹಳೆ ಹೆಸರು ಉಳಿದುಹೋಗುವುದು ಇಂಥ ಮೂಲೆಗಳಲ್ಲೇ. ನಿಮಗೆ ಸಿಕ್ಕಿದ್ದು ಅಂಥ ಯಾವುದೋ ಪುಟ ಇರಬೇಕು. 'ಇರಬೇಕು' ಅನ್ನುವುದಕ್ಕೆ ಕಾರಣ ಇದೆ. ಯಾವ ಪುಟ ಅಂತ ನೀವು ಬರೆದಿಲ್ಲ, ಯಾವ ವರ್ಷನ್ ಅಂತಲೂ ಬರೆದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಹತ್ತರಲ್ಲಿ ಒಂಬತ್ತು ಜನ ಹೀಗೇ ಬರೆಯುತ್ತಾರೆ. ತಿದ್ದುವವರಿಗೆ ಮಾತ್ರ ಆ ಎರಡು ಇಲ್ಲದೆ ಕೈಕಾಲು ಆಡುವುದಿಲ್ಲ.

ಹೆಲ್ಪ್ ಯಾಕೆ ಹೀಗೆ ಹಿಂದೆ ಬೀಳುತ್ತದೆ ಅಂತ ನಿಮಗೆ ಅನಿಸಿರಬಹುದು. ಲಿಬ್ರೆಆಫೀಸ್‌ನ ಮೂಲ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಕಂಪನಿ ಅದನ್ನು ಕೊಂಡುಕೊಂಡಿತು, ಮರುವರ್ಷ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಅದು ಓಪನ್‌ಆಫೀಸ್ ಆಯಿತು. 2010ರಲ್ಲಿ ಸನ್ ಕಂಪನಿ ಒರಾಕಲ್ ಎಂಬ ಇನ್ನೊಂದು ಕಂಪನಿಯ ಕೈಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಂದಷ್ಟು ಜನ ಬೇರೆಯಾಗಿ ಲಿಬ್ರೆಆಫೀಸ್ ಶುರುಮಾಡಿದರು. ಹೆಲ್ಪ್ ಪುಟಗಳ ದೊಡ್ಡ ಪಾಲು ಹಿಂದಿನ ಕಂಪನಿಯ ಕಾಲದ್ದು. ಆಮೇಲೆ ಮೆನು ಬದಲಿಸುವವರು ಒಬ್ಬರು, ಹೆಲ್ಪ್ ಬರೆಯುವವರು ಇನ್ನೊಬ್ಬರು. ಮೆನುವಿನಲ್ಲಿ ಒಂದು ಪದ ಬದಲಿಸಲು ಐದು ನಿಮಿಷ ಸಾಕು. ಆ ಪದ ಬಂದ ಪುಟಗಳನ್ನೆಲ್ಲ ಹುಡುಕಿ ತಿದ್ದಲು ಒಂದು ವಾರ ಬೇಕು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳಲ್ಲೂ ಇದೇ ಕಥೆ. ಅಲ್ಲಿ ನೀವು ತಿದ್ದಲು ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೆಸರು ಬದಲಾದದ್ದು, ಜಾಗ ಬದಲಾದದ್ದು ಸುಲಭದ ತಪ್ಪುಗಳು. ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಮೆನು ಕಾಣುವುದಿಲ್ಲ, ಬೈದುಕೊಂಡು ಹುಡುಕುತ್ತಾರೆ. ನನಗೆ ಭಯ ಇರುವುದು ಬೇರೆ ಜಾತಿಯ ತಪ್ಪುಗಳ ಬಗ್ಗೆ. ಹೆಸರು ಅದೇ ಇರುತ್ತದೆ, ಕೆಲಸ ಮಾತ್ರ ಬದಲಾಗಿರುತ್ತದೆ. ಚಿತ್ರ ತಿದ್ದುವ ಗಿಂಪ್ ನೋಡಿ. 2012ರಲ್ಲಿ 2.8 ಬರುವವರೆಗೆ ಫೈಲ್ ಮೆನುವಿನಲ್ಲಿ 'ಸೇವ್ ಆ್ಯಸ್' ಒತ್ತಿ, ಹೆಸರಿನ ಕೊನೆಗೆ ಜೆಪಿಜಿ ಅಂತ ಹಾಕಿದರೆ ಜೆಪಿಜಿ ಫೈಲ್ ಸಿಗುತ್ತಿತ್ತು. 2.8ರಿಂದ ಸೇವ್ ಅಂದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಬಗೆಯ ಫೈಲ್ ಮಾತ್ರ. ಜೆಪಿಜಿ ಬೇಕಾದರೆ 'ಎಕ್ಸ್‌ಪೋರ್ಟ್'ಗೆ ಹೋಗಬೇಕು. ಹಳೆ ಪಾಠ ಓದಿದವರಿಗೆ ಸೇವ್ ಆ್ಯಸ್ ಕಾಣುತ್ತದೆ, ಒತ್ತುತ್ತಾರೆ, ಹೆಸರು ಕೊಡುತ್ತಾರೆ, ಆಮೇಲೆ ಅದು ಒಪ್ಪುವುದಿಲ್ಲ. ಪುಣ್ಯಕ್ಕೆ ಗಿಂಪ್ ಅಲ್ಲೇ 'ಎಕ್ಸ್‌ಪೋರ್ಟ್ ಬಳಸಿ' ಅಂತ ಹೇಳುತ್ತದೆ.

ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ ಅದನ್ನೂ ಹೇಳುವವರಿಲ್ಲ. 2020ರಲ್ಲಿ 1.0 ಬರುವವರೆಗೆ ಅದರ ಪುಟದ ಸೊನ್ನೆ ಬಿಂದು ಕೆಳಗಿನ ಎಡಮೂಲೆಯಲ್ಲಿತ್ತು. ವೈ ಬೆಲೆ, ಅಂದರೆ ಚಿತ್ರ ಎಷ್ಟು ಮೇಲೆ ಕೆಳಗೆ ಇರಬೇಕು ಅನ್ನುವ ಸಂಖ್ಯೆ, ಹೆಚ್ಚಿಸಿದರೆ ಚಿತ್ರ ಮೇಲಕ್ಕೆ ಹೋಗುತ್ತಿತ್ತು. 1.0ರಲ್ಲಿ ಸೊನ್ನೆಯನ್ನು ಮೇಲಿನ ಎಡಮೂಲೆಗೆ ತಂದರು. ಈಗ ವೈ ಹೆಚ್ಚಿಸಿದರೆ ಚಿತ್ರ ಕೆಳಗೆ ಬರುತ್ತದೆ. ಹಳೆ ಪುಟದಲ್ಲಿ 'ವೈ ಜಾಗದಲ್ಲಿ 200 ಹಾಕಿ' ಅಂತ ಇದ್ದರೆ ಆ ಪೆಟ್ಟಿಗೆ ಈಗಲೂ ಇದೆ, 200 ಹಾಕಲೂ ಬರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಚಿತ್ರ ಮಾತ್ರ ಬೇರೆಲ್ಲೋ ಹೋಗಿ ಕೂರುತ್ತದೆ. ಪುಟದ ಪದಗಳನ್ನು ಸ್ಕ್ರೀನಿನ ಪದಗಳ ಜೊತೆ ಸುಮ್ನೆ ಹೋಲಿಸಿ ನೋಡುವವರಿಗೆ ಈ ತಪ್ಪು ಸಿಗುವುದೇ ಇಲ್ಲ. ಹಂತಹಂತವಾಗಿ ಮಾಡಿ, ಕೊನೆಗೆ ಏನಾಯಿತು ಅಂತ ನೋಡಿದವರಿಗೆ ಮಾತ್ರ ಸಿಗುತ್ತದೆ.

ಅದಕ್ಕೇ ನಾನು ಹೇಳುವುದು, ಇದು ಬರವಣಿಗೆಯ ಕೆಲಸಕ್ಕಿಂತ ಜಾಸ್ತಿ ಪರೀಕ್ಷೆ ಮಾಡುವ ಕೆಲಸ. ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಹಿಂದೆ ಒಂದು ಕಂಪನಿಯ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಹೆಲ್ಪ್ ಬರೆಯುತ್ತಿದ್ದೆ. ಒಂದು ಮೆನುವಿನ ಹೆಸರು ಬದಲಾಗಿದೆ ಅಂತ ಗೊತ್ತಾಯಿತು. ಸಾಫ್ಟ್‌ವೇರ್ ತೆರೆಯದೆ ಹಳೆ ಹೆಸರನ್ನು ಹುಡುಕಿ ಎಲ್ಲಾ ಕಡೆ ಒಂದೇ ಏಟಿಗೆ ಹೊಸ ಹೆಸರು ಹಾಕಿಬಿಟ್ಟೆ. ಆ ಮೆನುವಿನೊಳಗಿನ ಒಂದು ಗುಂಡಿಗೂ ಅದೇ ಹಳೆ ಹೆಸರಿತ್ತು, ಅದು ಬದಲಾಗಿರಲಿಲ್ಲ. ಅಂದರೆ ಮೊದಲು ಸರಿಯಾಗಿದ್ದ ಪುಟಗಳನ್ನು ನಾನೇ ಕೂತು ಹಾಳು ಮಾಡಿದ್ದೆ. ಗ್ರಾಹಕರೊಬ್ಬರು ಫೋನ್ ಮಾಡಿ 'ಆ ಗುಂಡಿ ಎಲ್ಲಿದೆ ಸ್ವಾಮಿ?' ಅಂತ ಕೇಳುವವರೆಗೆ ನಮಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಒಂದು ಪದ ಬದಲಿಸುವುದಿದ್ದರೂ ಸ್ಕ್ರೀನ್ ಎದುರಿಗೆ ಇಟ್ಟುಕೊಂಡೇ ಬದಲಿಸುತ್ತೇನೆ.

ಈಗ ನೀವು ಮಾಡಬಹುದಾದ ಕೆಲಸ. ಎಲ್ಲಕ್ಕಿಂತ ಮೊದಲನೆಯದು ವರದಿ. ಲಿಬ್ರೆಆಫೀಸ್‌ಗೆ ಬಗ್‌ಜಿಲ್ಲಾ ಅಂತ ಒಂದು ದೂರಿನ ಪುಸ್ತಕ ಇದೆ. ಯಾರು ಬೇಕಾದರೂ ಖಾತೆ ತೆರೆದು ಬರೆಯಬಹುದು. ಪ್ರೋಗ್ರಾಮಿನ ತಪ್ಪುಗಳ ಜೊತೆಗೆ ಹೆಲ್ಪಿನ ತಪ್ಪುಗಳಿಗೂ ಅಲ್ಲಿ ಜಾಗ ಇದೆ, ವಿಭಾಗ ಆರಿಸುವಾಗ 'ಡಾಕ್ಯುಮೆಂಟೇಶನ್' ಆರಿಸಿ. ಹೊಸ ದೂರು ಮೊದಲು 'ಅನ್‌ಕನ್ಫರ್ಮ್ಡ್' ಸ್ಥಿತಿಯಲ್ಲಿರುತ್ತದೆ. ಬೇರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಮಾಡಿ ನೋಡಿ 'ಹೌದು, ನನಗೂ ಹಾಗೇ' ಅಂದ ಮೇಲೆ 'ನ್ಯೂ' ಆಗುತ್ತದೆ. ಆ ಬೇರೊಬ್ಬರು ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಇರಬಹುದು. ನಿಮ್ಮ ಲ್ಯಾಬ್ ಅವರಿಗೆ ಕಾಣುವುದಿಲ್ಲ. ನೀವು ಬರೆದದ್ದಷ್ಟೇ ಕಾಣುವುದು.

'ಹೆಲ್ಪ್ ತುಂಬಾ ಹಳೆಯದು, ದಯವಿಟ್ಟು ಸರಿಪಡಿಸಿ' ಅಂತ ಬರೆದರೆ ಅದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಯಾರೂ ಸೋಮಾರಿಗಳು ಅಂತಲ್ಲ, ಹಿಡಿದುಕೊಳ್ಳಲು ಅದರಲ್ಲಿ ಏನೂ ಇರುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ. ಅಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು, ಸರಳ ಇಂಗ್ಲಿಷ್ ಸಾಕು, ವ್ಯಾಕರಣಕ್ಕೆ ಯಾರೂ ಅಂಕ ಕೊಡುವುದಿಲ್ಲ:

'ಪುಟ: (ಪುಟದ ತಲೆಬರಹ ಮತ್ತು ಪೂರ್ತಿ ವಿಳಾಸ). ಮೂರನೇ ಪ್ಯಾರಾದಲ್ಲಿ ಹೀಗಿದೆ: ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್, ಲ್ಯಾಂಗ್ವೇಜಸ್‌ಗೆ ಹೋಗಿ. ನನ್ನ ಸ್ಕ್ರೀನ್ ಮೇಲೆ ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ಎಂಬ ಸಾಲಿಲ್ಲ. ಅದರ ಬದಲು ಲ್ಯಾಂಗ್ವೇಜಸ್ ಆಂಡ್ ಲೊಕೇಲ್ಸ್, ಅದರೊಳಗೆ ಜನರಲ್ ಇದೆ. ಸೇಫ್ ಮೋಡ್‌ನಲ್ಲೂ ಹೀಗೇ. ವಿಂಡೋಸ್ 10. ವರ್ಷನ್ ವಿವರ ಕೆಳಗಿದೆ. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.'

ಇಷ್ಟೇ. ವರ್ಷನ್ ವಿವರವನ್ನು ಕೈಯಲ್ಲಿ ಬರೆಯಬೇಡಿ. ಅಬೌಟ್ ಪೆಟ್ಟಿಗೆಯಲ್ಲಿ ಅದನ್ನು ಪೂರ್ತಿ ಕಾಪಿ ಮಾಡುವ ಗುಂಡಿ ಇದೆ, ಒತ್ತಿ ಪೇಸ್ಟ್ ಮಾಡಿ. ಮೆನು ಕನ್ನಡದಲ್ಲಿ ಇಟ್ಟುಕೊಂಡಿದ್ದರೆ ವರದಿಯ ಮಟ್ಟಿಗೆ ಇಂಗ್ಲಿಷ್‌ಗೆ ಬದಲಿಸಿಕೊಂಡು ನೋಡಿ. ಕಾರಣ, ತಪ್ಪು ಮೂಲ ಪುಟದಲ್ಲಿದೆಯೋ ಅನುವಾದದಲ್ಲಿದೆಯೋ ಅಂತ ಗೊತ್ತಾಗಬೇಕು. ಎರಡನ್ನೂ ಸರಿಪಡಿಸುವ ಜಾಗ ಬೇರೆ ಬೇರೆ. ಒಂದು ವರದಿಯಲ್ಲಿ ಒಂದೇ ವಿಷಯ ಹೇಳಿ. ಐದು ತಪ್ಪು ಸಿಕ್ಕಿದರೆ ಐದು ವರದಿ. ಒಂದರಲ್ಲೇ ಎಲ್ಲ ತುಂಬಿದರೆ ನಾಲ್ಕು ಸರಿಯಾಗಿ ಒಂದು ಉಳಿದು ಅದು ಮುಗಿಯದ ಕೇಸ್ ಆಗಿಬಿಡುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲುತ್ತಾರೆ, ನಿಂತರೂ ತಪ್ಪಿಲ್ಲ. ಆದರೆ ನೀವು 'ಸರಿಪಡಿಸಬಹುದೇ' ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಹೆಲ್ಪ್ ಪುಟಗಳು ಎಕ್ಸ್‌ಎಚ್‌ಪಿ ಎಂಬ ಬಗೆಯ ಫೈಲುಗಳು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲು ಬರುತ್ತದೆ. ವೆಬ್ ಪುಟದ ಟ್ಯಾಗ್‌ಗಳನ್ನು ಒಮ್ಮೆ ನೋಡಿದವರಿಗೆ ಹೊಸದೇನೂ ಅಲ್ಲ. ಪ್ರತಿ ಪ್ಯಾರಾಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಮುಟ್ಟಬೇಡಿ. ಅನುವಾದ, ಬೇರೆ ಪುಟಗಳ ಕೊಂಡಿ ಎಲ್ಲ ಅದರ ಮೇಲೆ ನಿಂತಿದೆ. ಸಾಫ್ಟ್‌ವೇರಿನ ಹೆಸರು ಬರುವ ಕಡೆ ಲಿಬ್ರೆಆಫೀಸ್ ಅಂತ ನೇರವಾಗಿ ಬರೆದಿರುವುದಿಲ್ಲ. ಶೇಕಡಾ ಚಿಹ್ನೆ ಹಾಕಿ 'ಪ್ರಾಡಕ್ಟ್‌ನೇಮ್' ಅಂತ ಇರುತ್ತದೆ, ಪುಟ ತೆರೆದಾಗ ಹೆಸರು ತಾನಾಗಿ ಬಂದು ಕೂರುತ್ತದೆ. ಅದನ್ನು ತಪ್ಪು ಅಂದುಕೊಂಡು 'ಸರಿ' ಮಾಡಲು ಹೋಗಬೇಡಿ. ಹೊಸಬರು ಮಾಡುವ ಮೊದಲ ತಿದ್ದುಪಡಿಯೇ ಅದು!

ಇನ್ನೊಂದು ಸೂಕ್ಷ್ಮ ಇದೆ. ನೀವು ಪುಟದಲ್ಲಿ ಓದುವ ಸಾಲು ಆ ಪುಟದ ಫೈಲಿನಲ್ಲಿ ಇರದೇ ಹೋಗಬಹುದು. ಮೆನು ದಾರಿಗಳನ್ನು ಹೇಳುವ ಸಾಲುಗಳನ್ನು ಒಂದು ಕಡೆ ಗುಡ್ಡೆ ಹಾಕಿ ಇಟ್ಟು, ಬೇಕಾದ ಪುಟಗಳು ಅಲ್ಲಿಂದ ಎರವಲು ತರುವ ಹಾಗೆ ಮಾಡಿರುತ್ತಾರೆ. ಅಂಥ ಕಡೆ ನಿಮ್ಮ ಪುಟದ ಫೈಲ್ ತೆರೆದರೆ ಆ ಸಾಲೇ ಕಾಣುವುದಿಲ್ಲ. 'ಇಂಥ ಫೈಲಿನ ಇಂಥ ತುಂಡನ್ನು ತಂದು ಇಲ್ಲಿಡು' ಅಂತ ಮಾತ್ರ ಇರುತ್ತದೆ. ತಿದ್ದಬೇಕಾದ್ದು ಅಲ್ಲಿ, ಎರವಲು ಕೊಟ್ಟ ಮನೆಯಲ್ಲಿ. ತಿದ್ದಿದರೆ ಎರವಲು ತಂದ ಎಲ್ಲ ಪುಟಗಳೂ ಒಟ್ಟಿಗೆ ಸರಿಯಾಗುತ್ತವೆ. ತಪ್ಪು ತಿದ್ದಿದರೆ ಎಲ್ಲವೂ ಒಟ್ಟಿಗೆ ಹಾಳು. ಹಾಗಾಗಿ ಆ ತುಂಡು ಎಲ್ಲೆಲ್ಲಿ ಹೋಗುತ್ತದೆ ಅಂತ ಮೊದಲು ಹುಡುಕಿ ನೋಡಿ.

ಹಳೆ ಹೆಸರನ್ನು ಪೂರ್ತಿ ಅಳಿಸಿಹಾಕಬೇಕು ಅಂತ ಹೊಸಬರಿಗೆ ಆಸೆ ಇರುತ್ತದೆ. ಅಳಿಸಬೇಡಿ ಅನ್ನುತ್ತೇನೆ, ಕನಿಷ್ಠ ಒಂದು ಜಾಗದಲ್ಲಿ. ಹೆಲ್ಪ್‌ಗೆ ಒಂದು ಸೂಚಿ ಇರುತ್ತದೆ, ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿ ಇರುವ ಹಾಗೆ. ಆ ಸೂಚಿಯಲ್ಲಿ ಬರಬೇಕಾದ ಪದಗಳನ್ನು ಪ್ರತಿ ಪುಟದ ಫೈಲಿನಲ್ಲೇ ಬರೆದಿರುತ್ತಾರೆ. ಹುಡುಕುವವರು ಯಾರು? ಹಳೆ ಹೆಸರು ಮಾತ್ರ ಗೊತ್ತಿರುವವರು. ಹೊಸ ಹೆಸರು ಗೊತ್ತಿದ್ದರೆ ಅವರು ಹೆಲ್ಪ್‌ಗೆ ಯಾಕೆ ಬರುತ್ತಾರೆ? ಪಾಠದ ಸಾಲಿನಲ್ಲಿ ಹೊಸ ಹೆಸರು ಹಾಕಿ, ಸೂಚಿಯಲ್ಲಿ ಎರಡೂ ಇರಲಿ. ಬೆಂಗಳೂರಿನಲ್ಲಿ ಈಗಲೂ 'ಮೆಜೆಸ್ಟಿಕ್' ಅಂದರೆ ಮಾತ್ರ ತಾನೇ ಎಲ್ಲರಿಗೂ ಗೊತ್ತಾಗುವುದು? ಬೋರ್ಡಿನಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಅಂತಿದೆ.

ಕೊನೆಯ ಎಚ್ಚರಿಕೆ, ಇದು ಅನುವಾದಕರ ಪರವಾಗಿ. ಇಂಗ್ಲಿಷ್ ಮೂಲದಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ, ಆ ಪ್ಯಾರಾವನ್ನು ಅನುವಾದ ಮಾಡಿದ್ದ ಎಲ್ಲ ಭಾಷೆಗಳಲ್ಲೂ ಅದು 'ಮತ್ತೆ ನೋಡಬೇಕು' ಅಂತ ಗುರುತಾಗುತ್ತದೆ. ಯಾರಾದರೂ ಬಂದು ಒಪ್ಪುವವರೆಗೆ ಆ ಭಾಷೆಯ ಓದುಗರಿಗೆ ಅಲ್ಲಿ ಇಂಗ್ಲಿಷ್ ಸಾಲು ಕಾಣುತ್ತದೆ. ನಾಲ್ಕು ಜನ ಸೇರಿ ನಡೆಸುವ ಸಣ್ಣ ಅನುವಾದ ತಂಡಕ್ಕೆ ಇದು ತಿಂಗಳ ಕೆಲಸ. ಹಾಗಾಗಿ 'ವಾಕ್ಯ ಇನ್ನೂ ಚೆನ್ನಾಗಿರಬಹುದಿತ್ತು' ಅನಿಸಿದ ಕಡೆ ಕೈ ಕಟ್ಟಿಕೊಂಡು ಕೂರಿ. ತಪ್ಪಿರುವ ಸಾಲನ್ನು ಮಾತ್ರ ತಿದ್ದಿ. ನನಗೆ ಈ ಬುದ್ಧಿ ಬರಲು ಎರಡು ವರ್ಷ ಬೇಕಾಯಿತು, ಆ ಮಧ್ಯೆ ಅನುವಾದಕರೊಬ್ಬರಿಂದ ಉಗಿಸಿಕೊಂಡೂ ಆಗಿತ್ತು.

ತಿದ್ದಿದ ಫೈಲನ್ನು ಗೆರಿಟ್ ಎಂಬ ಜಾಗಕ್ಕೆ ಕಳಿಸಬೇಕು. ಮೊದಲ ಸಲ ಕಳಿಸುವವರು 'ನನ್ನ ಕೆಲಸವನ್ನು ಈ ಲೈಸೆನ್ಸ್ ಅಡಿಯಲ್ಲಿ ಬಳಸಿಕೊಳ್ಳಬಹುದು' ಅಂತ ಒಂದು ಮೇಲ್ ಬರೆಯಬೇಕು. ಅಲ್ಲಿ ಯಂತ್ರ ಒಮ್ಮೆ ಪರೀಕ್ಷೆ ಮಾಡುತ್ತದೆ, ಅನುಭವಿಗಳು ಒಮ್ಮೆ ಓದುತ್ತಾರೆ, ಸರಿ ಇದ್ದರೆ ಸೇರಿಸುತ್ತಾರೆ. ನಿಮ್ಮ ಬದಲಾವಣೆಯ ಜೊತೆ ಬರೆಯುವ ಒಂದು ಸಾಲಿನ ಟಿಪ್ಪಣಿಯಲ್ಲಿ ಬಗ್‌ಜಿಲ್ಲಾದ ದೂರಿನ ನಂಬರ್ ಹಾಕಿ, ಆಗ ಎರಡೂ ತಾವಾಗಿ ಜೋಡಿಯಾಗುತ್ತವೆ. ನಿಜ ಹೇಳಬೇಕೆಂದರೆ ಗೆರಿಟ್ ಹೊಸಬರಿಗೆ ಸ್ವಲ್ಪ ಕಿರಿಕಿರಿಯೇ. ನಿಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಯಾರಾದರೂ ಇಂಜಿನಿಯರಿಂಗ್ ಓದುತ್ತಿದ್ದರೆ ಒಂದು ಭಾನುವಾರ ಕೂರಿಸಿಕೊಳ್ಳಿ. ಒಮ್ಮೆ ಸಿದ್ಧವಾದರೆ ಎರಡನೇ ಸಲಕ್ಕೆ ಹತ್ತು ನಿಮಿಷ.

ಇವತ್ತು ಸೇರಿಸಿದ್ದು ನಾಳೆ ನಿಮ್ಮ ಲ್ಯಾಬಿನಲ್ಲಿ ಕಾಣುತ್ತದೆ ಅಂದುಕೊಳ್ಳಬೇಡಿ. ತಿದ್ದುಪಡಿ ಮೊದಲು ಮುಂದಿನ ವರ್ಷನ್‌ನ ಕೋಡಿಗೆ ಸೇರುತ್ತದೆ. ಬಿಡುಗಡೆ ಹತ್ತಿರವಾದಾಗ 'ಇನ್ನು ಪದಗಳನ್ನು ಬದಲಿಸುವ ಹಾಗಿಲ್ಲ' ಅಂತ ಬಾಗಿಲು ಹಾಕುತ್ತಾರೆ, ಅನುವಾದಕರಿಗೆ ಉಸಿರಾಡಲು ಸಮಯ ಬೇಕಲ್ಲ. ಆ ಬಾಗಿಲು ಹಾಕಿದ ಮೇಲೆ ನೀವು ಬಂದಿದ್ದರೆ ಆರು ತಿಂಗಳು ಕಾಯಬೇಕಾಗಬಹುದು.

ಗೆರಿಟ್ ಬೇಡ ಅನಿಸಿದರೆ ಬೇರೆ ಎರಡು ದಾರಿ ಇದೆ. ಒಂದು, ಕನ್ನಡ ಅನುವಾದ. ಅದು ವೆಬ್ಲೇಟ್ ಎಂಬ ತಾಣದಲ್ಲಿ ಬ್ರೌಸರ್‌ನಲ್ಲೇ ನಡೆಯುತ್ತದೆ. ಮೂಲ ನೋಡಿಕೊಂಡು ಕನ್ನಡದಲ್ಲಿ ಟೈಪ್ ಮಾಡಿ ಸೇವ್ ಮಾಡುವುದು. ಪಾಠ ಮಾಡುವವರ ಕನ್ನಡ ಅಲ್ಲಿಗೆ ಬೇಕಾಗಿದೆ. ಮಕ್ಕಳಿಗೆ ಯಾವ ಪದ ಅರ್ಥವಾಗುತ್ತದೆ, ಯಾವುದಕ್ಕೆ ಮುಖ ಸಿಂಡರಿಸುತ್ತಾರೆ ಅಂತ ನಿಮಗೆ ಗೊತ್ತು. ಇನ್ನೊಂದು, ಫೈರ್‌ಫಾಕ್ಸ್‌ನ ಹೆಲ್ಪ್. ಅದು ವಿಕಿ ಥರ. ಖಾತೆ ಇದ್ದರೆ ಪುಟವನ್ನು ಅಲ್ಲೇ ತಿದ್ದಿ ಕಳಿಸಬಹುದು, ಅನುಮತಿ ಇರುವವರು ನೋಡಿ ಒಪ್ಪಿದ ಮೇಲೆ ಎಲ್ಲರಿಗೂ ಕಾಣುತ್ತದೆ. ಒಂದೇ ಪುಟದಲ್ಲಿ 'ಈ ಸಾಲು ವಿಂಡೋಸ್‌ನವರಿಗೆ, ಈ ಸಾಲು ಇಂಥ ವರ್ಷನ್‌ನಿಂದ ಮೇಲಿನವರಿಗೆ' ಅಂತ ಗುರುತು ಹಾಕುವ ವ್ಯವಸ್ಥೆಯೂ ಅಲ್ಲಿದೆ. ಅಭ್ಯಾಸಕ್ಕೆ ಒಳ್ಳೆಯ ಜಾಗ.

ಇನ್ನು ನಿಮ್ಮ ತರಗತಿಯ ಮಾತು. ಮಕ್ಕಳ ಮುಂದೆ ಪೇಚಿಗೆ ಸಿಕ್ಕಿದೆ ಅಂದಿರಿ. ಆ ಮಕ್ಕಳೇ ನಿಮಗೆ ಒಳ್ಳೆಯ ಪರೀಕ್ಷಕರು. ಹೆಲ್ಪಿನ ಒಂದು ಪುಟ ಪ್ರಿಂಟ್ ತೆಗೆದು ಇಬ್ಬರ ಕೈಗೆ ಕೊಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಓದಿದ್ದನ್ನು ಮಾತ್ರ ಮಾಡಲಿ, ಸ್ವಂತ ಬುದ್ಧಿ ಉಪಯೋಗಿಸಬಾರದು. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಲಿ. ನಮಗೆ ದೊಡ್ಡವರಿಗೆ ಈ ಪರೀಕ್ಷೆ ಮಾಡಲು ಬರುವುದಿಲ್ಲ. ಮೆನು ಸಿಗದಿದ್ದರೆ ಕೈ ತಾನಾಗಿ ಪಕ್ಕದ ಮೆನುವಿಗೆ ಹೋಗುತ್ತದೆ, ಪುಟ ತಪ್ಪಿತ್ತು ಅಂತ ನೆನಪೂ ಉಳಿಯುವುದಿಲ್ಲ. ಏನೂ ಗೊತ್ತಿಲ್ಲದ ಎಂಟನೇ ಕ್ಲಾಸಿನ ಹುಡುಗಿ ಅಲ್ಲೇ ನಿಂತು 'ಇಲ್ಲಿ ಅದು ಇಲ್ಲ ಮಿಸ್' ಅನ್ನುತ್ತಾಳೆ. ಬಗ್‌ಜಿಲ್ಲಾಗೆ ಬೇಕಾಗಿರುವುದು ಅದೇ ಸಾಲು.

ನಿಮ್ಮ ಸ್ವಂತ ನೋಟ್ಸ್ ಮೇಲೂ, ಪ್ರತಿ ಹಾಳೆಯ ತಲೆಯಲ್ಲಿ, ವರ್ಷನ್ ನಂಬರ್ ಮತ್ತು ಕೊನೆಯ ಸಲ ಮಾಡಿ ನೋಡಿದ ತಾರೀಖು ಬರೆದಿಡಿ. ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ವರ್ಷನ್ ಇದೆಯಾ ಅಂತಲೂ ಒಮ್ಮೆ ನೋಡಿ. ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇದ್ದರೆ ಅರ್ಧ ತರಗತಿಗೆ ಮೆನು ಸಿಗುತ್ತದೆ, ಇನ್ನರ್ಧಕ್ಕೆ ಸಿಗುವುದಿಲ್ಲ.

ಹಾಂ, ಆ ಎರಡನೇ ಪುಟ ಯಾವುದು ಅಂತ ಮತ್ತೆ ಸಿಕ್ಕಿದರೆ ಅದರ ವಿಳಾಸವನ್ನು ಕಾಪಿ ಮಾಡಿಟ್ಟುಕೊಳ್ಳಿ. ನಿಮ್ಮ ಮೊದಲ ವರದಿ ಅದರದ್ದೇ ಆಗಲಿ.